ಇಬ್ಬರು ಮಂಜಪ್ಪರು ಮತ್ತು ಸುಶೀಲಾ ಮೇಡಂ

ಸುಶೀಲಾ ಮೇಡಂ ಕಂಪ್ಯೂಟರಿನ ಫ್ಲಾಪಿಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟುಕೊಂಡು ಸಾಗರದ ಪೇಟೆ ಸುತ್ತುತ್ತಿದ್ದರು. ತೀರ್ಥಹಳ್ಳಿ ಕಡೆಯ ಗೌಡರ ಮನೆಯವರು. ನಮ್ಮ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದರು. ನಾನು ಆಗಷ್ಟೇ ಸೇರಿದ್ದ ಕಿರಿಯ ಉಪನ್ಯಾಸಕ. ಎಂಬತ್ತರ ದಶಕದ ಕೊನೆ ಅದು. ಪೇಟೆಯಲ್ಲಿ ಯಾರೇ ಕಂಪ್ಯೂಟರ್ ತರಲಿ, ಮರುದಿನ ಮೇಡಂ ಹಾಜರು. ಅವರವರ ಲೆಕ್ಕಕ್ಕೆ ತಕ್ಕಂತೆ ತಾವೇ ಬರೆದ ಪ್ರೋಗ್ರಾಮನ್ನು ಪುಕ್ಕಟೆ ಕೊಡುವರು, ಅದರ ಒಂದೊಂದು ಸಾಲನ್ನೂ ಮುದ್ರಿಸಿ ಜೊತೆಗಿಡುವರು. "ಬೇಕಾದವ್ರು ಓದಿ, ತಪ್ಪಿದ್ರೆ ತಿದ್ದಿ, ತಿದ್ದಿದ್ದನ್ನ ಇನ್ನೊಬ್ರಿಗೂ ಕೊಡಿ." ಇಷ್ಟೇ ಅವರ ಷರತ್ತು.

ಅಂಕಗಳ ಲೆಕ್ಕಕ್ಕೆ ನಮ್ಮ ಪ್ರಿನ್ಸಿಪಾಲರು ಒಪ್ಪಿದರು. ಲಾರಿ ಆಫೀಸಿನ ರಾಮಣ್ಣ ಸಾಹುಕಾರರು ಒಪ್ಪಲಿಲ್ಲ. ಅವರಲ್ಲಿ ಬೆಂಗಳೂರಿನ ಕಂಪನಿಯೊಂದರ ಪ್ರೋಗ್ರಾಂ ಇತ್ತು. ಯಾರ ಸರಕು ಎಷ್ಟು ತೂಕ ಎಂದು ಕೂಡಿಸಿ, ಲಾರಿಗೆ ಇನ್ನೆಷ್ಟು ಹೇರಬಹುದೆಂದು ಅದು ಹೇಳುತ್ತಿತ್ತು. ಹೇಗೆ ಕೂಡಿಸುತ್ತದೆ ಎಂಬುದನ್ನು ಮಾತ್ರ ಯಾರೂ ನೋಡುವಂತಿರಲಿಲ್ಲ.

"ಪುಕ್ಕಟೆ ಸಿಕ್ಕಿದ್ದಕ್ಕೆ ಬಾಳಿಕೆ ಇಲ್ಲ ಮೇಡಂ," ಎಂದರು ಸಾಹುಕಾರರು.

"ಅಕ್ಕಿ ಮೂಟೆಗೆ ತೂತು ಮಾಡಿ ನಾಲ್ಕು ಕಾಳು ನೋಡ್ದೆ ತಗಳಲ್ಲ ನೀವು. ಇದನ್ನ ಹೆಂಗೆ ಕಣ್ಮುಚ್ಚಿ ತಗಂಡ್ರಿ?"

ಒಮ್ಮೆ ಮೇಡಂ ಮತ್ತು ನಾನು ಘಟ್ಟದ ಕೆಳಗಿನ ಕಾಲೇಜಿಗೆ ಫ್ಲಾಪಿ ಕೊಡಲು ಹೊರಟವರು ಬಸ್ಸು ತಪ್ಪಿ, ಸಾಹುಕಾರರ ಲಾರಿಯನ್ನೇ ಹತ್ತಿದೆವು. "ಗಾಡಿ ಯಾಕೋ ಬಾಳ ಕೂತಂಗದೆ," ಎಂದು ಡ್ರೈವರ್ ಬಾಬಣ್ಣ ಗೊಣಗಿದ. "ಕಂಪ್ಯೂಟರ್ ಸರಿ ಅಂತದೆ, ನೀ ಹೋಗು ಮಾರಾಯ," ಎಂದ ಗುಮಾಸ್ತ ಶ್ರೀಧರ.

ಹುಲಿಕಲ್ ಘಾಟಿಯ ಇಳಿಜಾರಿನಲ್ಲಿ ಬ್ರೇಕು ಸುಟ್ಟ ವಾಸನೆ ಬಂತು. "ಹಿಡೀತಿಲ್ಲ ಮೇಡಂ. ಗಟ್ಟಿ ಕೂತ್ಕಳಿ." ಎಡಕ್ಕೆ ಕಣಿವೆ, ಎದುರಿಗೆ ತಿರುವು. ಮೇಡಂ ನನ್ನ ಕಾಲರು ಹಿಡಿದು ಸೀಟಿಗೆ ಒತ್ತಿದರು. ಬಾಬಣ್ಣ ತಾನು ಕೂತಿದ್ದ ಬಲಗಡೆಯನ್ನೇ ಗುಡ್ಡದ ಧರೆಗೆ ಉಜ್ಜಿಸಿ ಲಾರಿ ನಿಲ್ಲಿಸಿದ. ಅವನ ತೋಳು ಮುರಿದಿತ್ತು. ಕಲ್ಲು ತಗಡನ್ನು ಸೀಳುವ ಸದ್ದು ಈಗಲೂ ಊಟದ ನಡುವೆ ಕೇಳಿ ತುತ್ತು ಕೈಯಲ್ಲೇ ಉಳಿಯುತ್ತದೆ. ತಿರುವಿಗೆ ಎಷ್ಟು ದೂರದಲ್ಲಿ ನಿಂತೆವು ಎಂಬುದು ನನ್ನ ನೆನಪಿನಲ್ಲಿ ಪ್ರತಿ ಸಲವೂ ಬೇರೆ.

ಬಾಬಣ್ಣನನ್ನು ಬೇರೊಂದು ಗಾಡಿಯಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ, ಮೇಡಂ ಮೂಟೆಗಳ ಮೇಲಿನ ಹೆಸರು ಓದತೊಡಗಿದರು. "ತಾಳಗುಪ್ಪದ ಮಂಜಪ್ಪ. ಇದೂ ಮಂಜಪ್ಪ, ಆನಂದಪುರದವ್ರು."

ನಮ್ಮಲ್ಲಿ ಊರು ಸೇರಿಸದೆ ಯಾರ ಹೆಸರನ್ನೂ ಹೇಳುವುದಿಲ್ಲ. ಆ ಪ್ರೋಗ್ರಾಮಿನಲ್ಲಿ ಊರಿಗೆ ಜಾಗವೇ ಇರಲಿಲ್ಲ. ಎರಡನೆಯ ಮಂಜಪ್ಪ ಬಂದಾಗ ಇಬ್ಬರೂ ಒಬ್ಬನೇ ಎಂದುಕೊಂಡು ಅದು ಮೊದಲನೆಯವನ ಅಕ್ಕಿಯ ತೂಕವನ್ನು ಲೆಕ್ಕದಿಂದ ಅಳಿಸಿಹಾಕಿ, ಇನ್ನೂ ಹೇರಬಹುದು ಎಂದಿತ್ತು. ಅದನ್ನು ನಂಬಿ ಶ್ರೀಧರ ಮೇಲೆ ಹೆಂಚನ್ನೂ ಹೇರಿಸಿದ್ದ.

ಬೆಂಗಳೂರಿನ ಕಂಪನಿಯವರು, ಹೊಸ ಪ್ರೋಗ್ರಾಂ ಬರುವವರೆಗೆ ಕಾಯಿರಿ ಎಂದರಂತೆ. ಸಾಹುಕಾರರು ತಾವೇ ಕಾಲೇಜಿಗೆ ಬಂದರು. "ನಿಮ್ಮದೇ ಕೊಡಿ ಮೇಡಂ. ಬಾಬಣ್ಣನ ಹೆಂಡ್ತಿ ಮುಖ ನೋಡಕ್ಕಾಗ್ತಿಲ್ಲ."

"ಕೊಡ್ತೀನಿ. ಶ್ರೀಧರ ಸಂಜೆ ಬಂದು ಅದನ್ನ ಓದೋದು ಕಲೀಬೇಕು."

"ಅವ್ನಾ? ಅವ್ನು ಪೇಪರೇ ಓದಲ್ಲ."

ಶ್ರೀಧರ ಬಂದ. ಮಳೆಗಾಲವಿಡೀ ಬಂದ.

ಆಮೇಲೆ ಮೇಡಂ ತೀರ್ಥಹಳ್ಳಿಗೆ ವರ್ಗವಾಗಿ ಹೋದರು. ವರ್ಷದೊಳಗೆ ಕಾಯಿಲೆ ಬಿದ್ದು ತೀರಿಕೊಂಡರು. ಸುದ್ದಿ ಹೇಳಲು ಲಾರಿ ಆಫೀಸಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಶ್ರೀಧರ ಕಂಪ್ಯೂಟರಿನತ್ತ ಕರೆದ.

"ಬನ್ನಿ ಸರ್. ತಾಳಗುಪ್ಪದಲ್ಲೇ ಇನ್ನೊಬ್ಬ ಮಂಜಪ್ಪ ಅಂಗಡಿ ತೆಗ್ದ. ಅಪ್ಪನ ಹೆಸ್ರಿಗೂ ಜಾಗ ಮಾಡಿದೀನಿ. ಮೇಡಂ ಬರೆದ ಸಾಲನ್ನೇ ತಿದ್ದಿದ್ದು, ಬೈತಾರೋ ಏನೋ. ಅವ್ರಿಗೆ ಕಳಿಸ್ಬೇಕು, ವಿಳಾಸ ಕೊಡಿ."

ನಾನು ಪಕ್ಕದ ಸ್ಟೂಲು ಎಳೆದುಕೊಂಡು ಕೂತೆ. "ಮೊದ್ಲು ನಂಗೆ ತೋರ್ಸು," ಎಂದೆ.