ಮೋಟುಗಾಲಿನ ಜೇನು

ಪ್ರಯೋಗಾಲಯದ ಹಿಂದಿನ ಮಣ್ಣುಗೋಡೆಯನ್ನು ಸೋಮವಾರ ಕೆಡವುವುದೆಂದು ನಿಶ್ಚಯವಾಗಿತ್ತು. ಅದರ ತೂತುಗಳಲ್ಲಿ ಕಾಡುಜೇನುಗಳಿದ್ದವು, ಗೂಡಿಗೆ ಒಂದೇ ಒಂದು. ಅವು ಅಪರೂಪದವೆಂದು ಗೊತ್ತಾದರೆ ಮಾತ್ರ ಗೋಡೆ ಉಳಿಯುತ್ತಿತ್ತು. ಎಲ್ಲರೂ ಜೇನಕ್ಕ ಎನ್ನುತ್ತಿದ್ದ ಲ್ಯಾಬ್ ಸಹಾಯಕಿ ಕೆಲವನ್ನು ಬಲೆಯಲ್ಲಿ ಹಿಡಿದು, ಪ್ರತಿಯೊಂದರ ನಡುವಿನ ಒಂದು ಕಾಲಿನ ತುದಿಯನ್ನಷ್ಟೇ ಕತ್ತರಿಸಿ ಹಾರಿಬಿಟ್ಟಳು. ಡಿಎನ್‌ಎ ಪರೀಕ್ಷೆಗೆ ಅಷ್ಟು ಸಾಕು.

"ಪಾಪ, ಕುಂಟು ಮಾಡಿದ್ರಲ್ಲ ಅಕ್ಕ," ಎಂದ ಕಾವಲುಗಾರ.

"ಇನ್ನೂ ಐದೂವರೆ ಕಾಲಿದೆ ಬಿಡಪ್ಪ. ಎರಡಿಟ್ಕೊಂಡು ನೀನೆಷ್ಟು ಓಡ್ತೀಯ?"

ಶನಿವಾರ ಫಲಿತಾಂಶ ಬಂತು. ಆ ಡಿಎನ್‌ಎ ಇದುವರೆಗೆ ದಾಖಲಾದ ಯಾವ ಜೇನಿಗೂ ಹೊಂದಲಿಲ್ಲ. ಗೋಡೆ ಮುಟ್ಟಬೇಡಿ ಎಂದು ನಿರ್ದೇಶಕರು ಆಗಲೇ ಬರೆದುಕೊಟ್ಟು ಮನೆಗೆ ಹೊರಟರು. ಕಾವಲುಗಾರನಿಗೆ ರಜೆ. ಜೇನಕ್ಕ ಅಣ್ಣನಿಗೆ ಫೋನು ಮಾಡಿ ಹೊಸ ಜೇನಿನ ಸುದ್ದಿ ಹೇಳಿದಳು.

"ಜೇನುತುಪ್ಪ ಕೊಡುತ್ತಾ ಅದು?"

"ಇಲ್ಲ ಕಣೋ."

"ಮತ್ತಿನ್ನೇನು? ಸರಿ, ಆಮೇಲೆ ಮಾಡ್ತೀನಿ."

ಅವನ ‘ಆಮೇಲೆ’ ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಅವಳು ಹೋಗಿ ಗೋಡೆಯೆದುರು ಕುಕ್ಕರುಗಾಲಲ್ಲಿ ಕುಳಿತಳು. ಇಳಿಬಿಸಿಲಲ್ಲಿ ಜೇನೊಂದು ಪರಾಗ ಹೊತ್ತು ಬಂತು. ಅದರ ಒಂದು ಕಾಲು ಮೋಟಾಗಿತ್ತು.

"ನಿನ್ನ ಮನೆ ಉಳೀತು ಕಣೇ," ಎಂದಳು ಮೆಲ್ಲಗೆ.

ಜೇನು ತನ್ನ ಪಾಡಿಗೆ ತೂತಿನೊಳಗೆ ಹೋಯಿತು.