ಬಿಡ್ರಿ ಎಂಬ ಮಾತು

ನಾಗನೂರಿನ ನಮ್ಮ ಹೊಲ ಪಾಲಾದಾಗ ಬಾವಿ ಪಾಲಾಗಲಿಲ್ಲ. ಅರ್ಧ ನಮ್ಮದು, ಅರ್ಧ ಅಪ್ಪನ ತಮ್ಮ ಕಾಕಾನದು. ಹೀಗಾಗಿ ದಿನವೂ ಅವರ ಮುಖ ನೋಡಲೇಬೇಕಿತ್ತು. ಎದುರಿಗೆ ಯಾರಾದರೂ ಕೆಮ್ಮಿದರೆ ತಮ್ಮನ್ನೇ ಅಣಕಿಸಿದರೆಂದು ಸಿಟ್ಟಾಗುವ ಮನುಷ್ಯ. ಜಗಳ ಏರುವ ಮೊದಲೇ ಅವ್ವ "ಬಿಡ್ರಿ, ಹೋಗ್ಲಿ" ಎಂದು ತಣ್ಣಗೆ ಮಾಡುತ್ತಿದ್ದಳು. ಅವಳಿಂದ ನಾನೂ ಅದನ್ನು ಕಲಿತಿದ್ದೆ. ಧಾರವಾಡದಲ್ಲಿ ಬಿ.ಎ. ಓದಿ ಬಂದ ಮೇಲೂ ಅವರೆದುರು ನನಗೆ ಬೇರೆ ಮಾತು ತಿಳಿದಿರಲಿಲ್ಲ.

ಆ ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯಲು ಅಣ್ಣ ಇಳಿದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದ. ಅದನ್ನು ಗಡಗಡೆಯ ಮೇಲೆ ಹಾಯಿಸಿ ಮುಂದೆ ಕಾಕಾ, ಹಿಂದೆ ನಾನು ಹಿಡಿದು ಸಡಿಲಿಸುತ್ತಿದ್ದೆವು. ಅರ್ಧಕ್ಕೆ ಇಳಿದಿದ್ದ ಅಣ್ಣ ಒಳಗಿನಿಂದ ನಗುತ್ತಲೇ ಕೂಗಿದ:

"ಸಾವಕಾಶ್ರಿ ಕಾಕಾ, ನಾ ಏನ್ ಕೊಡಾ ಅಲ್ಲ."

"ನೀ ಕೊಡಾ ಅಲ್ಲ. ಹಂಗಾರ ನಾ ಏನು, ನಿಮ್ಮನಿ ನೀರ ಸೇದೋ ಆಳೇನು?"

"ಬಿಡ್ರಿ ಕಾಕಾ, ಬಿಡ್ರಿ," ಎಂದೆ.

ಅವರು ಬಿಟ್ಟರು.

ಹಗ್ಗ ನನ್ನ ಅಂಗೈಯ ಚರ್ಮ ಕಿತ್ತುಕೊಂಡು ಓಡಿತು. ಕೆಳಗೆ ಅಣ್ಣ ಕಲ್ಲಿಗೆ ಬಡಿದ ಸದ್ದು, ನೀರಿನ ಸದ್ದು, ಆಮೇಲೆ ನರಳಾಟ. ನೀರು ಎದೆಮಟ್ಟ ಮಾತ್ರ. ಆದರೆ ಕಾಲು ಮುರಿದವನು ಅದರಲ್ಲಿ ಎಷ್ಟು ಹೊತ್ತು ನಿಂತಾನು? ಅಂದು ಮೂಡಲಗಿಯ ಸಂತೆ, ಸುತ್ತಲ ಹೊಲಗಳಲ್ಲಿ ಯಾರೂ ಇರಲಿಲ್ಲ. ಹಗ್ಗದ ತುದಿ ಕಲ್ಲುಕಂಬಕ್ಕೆ ಕಟ್ಟಿದ್ದರಿಂದ ಉಳಿದಿತ್ತು. ಹಿಡಿದು ಎಳೆದೆ. ರಕ್ತಕ್ಕೆ ಜಾರಿತು.

"ನೀನ ಬಿಡ್ರಿ ಅಂದಿ, ಬಿಟ್ನಿ," ಎಂದರು ಕಾಕಾ. "ಈಗ ನನ್ನ ಮ್ಯಾಲ ಹಾಕಬ್ಯಾಡ."

ಆ ಮುಖವನ್ನು ಎಷ್ಟೋ ಸಲ ಮನಸ್ಸಿನಲ್ಲಿ ತಂದುಕೊಂಡು ನೋಡಿದ್ದೇನೆ. ತಪ್ಪು ತಿಳಿದು ಬಿಟ್ಟರೋ, ತಿಳಿದೇ ಬಿಟ್ಟರೋ, ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗುವಷ್ಟು ಹೊತ್ತು ಅಂದು ನಾನು ನೋಡುತ್ತಲೂ ನಿಲ್ಲಲಿಲ್ಲ. ಅವರು ಬೇವಿನ ನೆರಳಿಗೆ ಹೋಗಿ ಕುಳಿತರು. ನಾನು ಹೋಗಿ ಕಾಲು ಹಿಡಿದೆ.

"ತಪ್ಪಾತ್ರಿ ಕಾಕಾ. ಅಂವಂದೂ ತಪ್ಪಾತು."

"ಅದನ್ನ ಅಂವಾ ಹೇಳ್ಲಿ."

ಬಾವಿಗೆ ಬಗ್ಗಿ, "ಅಣ್ಣಾ, ತಪ್ಪಾತು ಅನ್ನು," ಎಂದೆ. ಉತ್ತರ ಬರಲಿಲ್ಲ. ಅವನೂ ಅದೇ ಮನೆತನದವನು. "ಅನ್ನೋ, ನಿನಗ ಕೈ ಮುಗೀತೀನಿ." ನೀರು ಕಲಕಿದ ಸದ್ದು. ಆಮೇಲೆ, "ತಪ್ಪಾತ್ರಿ" ಎಂಬುದು ಕೇಳಿತೋ ಇಲ್ಲವೋ ಎಂಬಂತೆ ಮೇಲೆ ಬಂತು.

"ಕೇಳ್ಸಲಿಲ್ಲ," ಎಂದರು ಕಾಕಾ.

ಅಣ್ಣ ಇನ್ನೊಮ್ಮೆ ಹೇಳಿದ. ಅವರು ಧೋತರ ಝಾಡಿಸಿಕೊಂಡು ಎದ್ದು ಬಂದು ಹಗ್ಗ ಹಿಡಿದರು.

ಎಳೆಯುವಾಗ ನಾನು ತುಟಿ ಬಿಚ್ಚಲಿಲ್ಲ. ಯಾವ ಮಾತಿಗೆ ಅವರ ಕೈ ಸಡಿಲವಾದೀತೋ ತಿಳಿಯದು. "ಗಟ್ಟಿ ಹಿಡಿದೀರಿಲ್ಲೋ?" ಎಂದು ಅಣ್ಣ ಕೆಳಗಿನಿಂದ ಮತ್ತೆ ಮತ್ತೆ ಕೇಳುತ್ತಿದ್ದ. ಅವನಿಗೂ ಉತ್ತರ ಕೊಡಲಿಲ್ಲ.

ತಲೆ ಕಂಡಿತು. ಕಾಕಾ ಅಲ್ಲೇ ಎಳೆಯುವುದನ್ನು ನಿಲ್ಲಿಸಿ, ನನ್ನ ಕಡೆ ಕತ್ತು ತಿರುಗಿಸಿದರು.

"ಹೇಳು, ಇವತ್ತ ನಾ ಇಲ್ಲದಿದ್ರ ನಿಮ್ಮ ಗತಿ ಏನ್ ಆಗ್ತಿತ್ತು?"

ಅಣ್ಣನ ಕೈ ಇನ್ನೂ ಕಟ್ಟೆಗೆ ಎಟುಕಿರಲಿಲ್ಲ.

"ನೀವ ಉಳಿಸಿದ್ರಿ ಕಾಕಾ," ಎಂದೆ.