ಬೆಂಚಿನ ಮೇಲಿದ್ದ ಆರೋಪಿ

ನಮ್ಮ ಸಾಹೇಬರಿಗೆ ರಾಜಕೀಯವೆಂದರೆ ಆಗುತ್ತಿರಲಿಲ್ಲ. ಹಾಗೆಂದು ಅವರೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಠಾಣೆಯ ರೈಟರ್ ಆಗಿ ಹನ್ನೊಂದು ವರ್ಷ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡ ನಾನು ತಲೆಯಾಡಿಸುತ್ತಿದ್ದೆ. ಅವರ ಮೆಚ್ಚಿನ ಪಕ್ಷದವರು ಬಂದರೆ ಕುರ್ಚಿ, ಫ್ಯಾನು, ಟೀ. ಎದುರು ಪಕ್ಷದವರಿಗೆ ಬಾಗಿಲ ಪಕ್ಕದ ಬೆಂಚು. ಸರ್ಕಾರ ಎರಡು ಸಲ ಬದಲಾದರೂ ಕುರ್ಚಿಯವರು ಕುರ್ಚಿಯಲ್ಲೇ, ಬೆಂಚಿನವರು ಬೆಂಚಿನಲ್ಲೇ. ಅಷ್ಟರಮಟ್ಟಿಗೆ ಪ್ರಾಮಾಣಿಕರು.

ಬೆಂಚಿನವರನ್ನು ಬೆಳಿಗ್ಗೆ ಕೂರಿಸಿದರೆ ಸಂಜೆಯವರೆಗೆ ಅವರತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಾದಷ್ಟೂ ಮೆತ್ತಗಾಗುತ್ತಾರಂತೆ.

ಒಂದು ಮಂಗಳವಾರ ಹಾಗೆ ಕೂತವನು ಒಬ್ಬ ದರ್ಜಿ. ಎದುರು ಪಕ್ಷಕ್ಕೆ ಬಾವುಟ ಹೊಲಿದುಕೊಡುತ್ತಿದ್ದ. ಅಂಗಡಿಯ ಬೀಗ ಒಡೆದು ಯಾರೋ ಬಾವುಟದ ಗಂಟು ಕದ್ದಿದ್ದರು, ದೂರು ಕೊಡಲು ಬಂದಿದ್ದ. ಬೆಳಿಗ್ಗೆ ಹತ್ತಕ್ಕೆ ಬಂದುಹೋಗುವವರ ಪುಸ್ತಕದಲ್ಲಿ ಸಹಿ ಹಾಕಿದ, ಸಂಜೆ ಐದೂವರೆಗೆ ಮತ್ತೊಂದು ಸಹಿ ಹಾಕಿ ಬಂದ ಹಾಗೇ ಹೋದ. ದೂರನ್ನು ಯಾರೂ ಕೇಳಲಿಲ್ಲ.

ಅದೇ ದಿನ ಮಧ್ಯಾಹ್ನ ಎರಡಕ್ಕೆ ಸಾಹೇಬರ ಮೆಚ್ಚಿನ ಪಕ್ಷದ ಕಚೇರಿಗೆ ಕಲ್ಲು ಬಿತ್ತು. ಮರುದಿನ ಅಲ್ಲಿಯ ಮುಖಂಡ ಟೈಪು ಮಾಡಿಸಿದ ದೂರನ್ನೇ ತಂದ. ಕಲ್ಲು ಎಸೆದವನು ದರ್ಜಿ ಎಂದಿತ್ತು. ಸಾಹೇಬರು ಅದನ್ನು ನನ್ನ ಮುಂದಿಟ್ಟು ಸಾಕ್ಷಿಗಳ ಹೇಳಿಕೆಯನ್ನೂ ಅದೇ ಮಾತಿನಲ್ಲಿ ಬರೆಯಲು ಹೇಳಿದರು. ಸಾಕ್ಷಿಗಳು ಇನ್ನೂ ಠಾಣೆಗೆ ಬಂದಿರಲಿಲ್ಲ, ಪಾಪ, ಅವರಿಗೆ ಸುಮ್ಮನೆ ಯಾಕೆ ತೊಂದರೆ.

"ಬಾವುಟ ಹೊಲಿಯೋ ಕೈ ಕಲ್ಲು ಎಸೆಯಲ್ವಾ?" ಎಂದರು. ಇಡೀ ತನಿಖೆ ಇಷ್ಟೇ.

ನಿಮ್ಮ ಎದುರಿಗೇ ಕೂತಿದ್ದೆನಲ್ಲ ಎಂದು ದರ್ಜಿ ಲಾಕಪ್ಪಿನಿಂದ ಗೋಗರೆದ. ಸಿಕ್ಕಿಬಿದ್ದವರೆಲ್ಲ ಹಾಡುವ ರಾಗ ಇದೇ ಎಂದರು ಸಾಹೇಬರು. ಸುಳ್ಳು ಹೇಳುತ್ತಿರಲಿಲ್ಲ, ಏಳೂವರೆ ಗಂಟೆ ಕಣ್ಣೆದುರಿಗಿದ್ದವನ ಮುಖ ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ನನಗೆ ನೆನಪಿತ್ತು. ಆದರೂ ಹತ್ತೊಂಬತ್ತು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆ ಪಕ್ಷದವನೊಬ್ಬ ನಾಲ್ಕು ದಿನ ಒಳಗಿದ್ದರೆ ಏನು ಗಂಟು ಹೋಗುತ್ತದೆ ಎಂದು ನನಗೂ ಒಳಗೊಳಗೇ ಅನಿಸಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಆಮೇಲೆ ಅವನ ಹೆಂಡತಿ ಬಂದಳು. ಜೈಲಿನಲ್ಲಿ ಅವನು ಊಟ ಬಿಟ್ಟಿದ್ದ. ಅವಳು ಅಳಲಿಲ್ಲ, ಬೈಯಲಿಲ್ಲ. "ಅಣ್ಣಾ, ಅವತ್ತು ನೀವೇ ಅಲ್ವಾ ಅವರಿಗೆ ಸಹಿ ಹಾಕೋಕೆ ಪೆನ್ನು ಕೊಟ್ಟಿದ್ದು?" ಎಂದಳು.

ಜಾಮೀನಿನ ದಿನ ಕೋರ್ಟಿನಲ್ಲಿ ದರ್ಜಿಯ ವಕೀಲರು ಸಹಿಯ ವಿಷಯ ಎತ್ತಿದಾಗ ಜಡ್ಜ್ ಬಂದುಹೋಗುವವರ ಪುಸ್ತಕ ಕೇಳಿದರು. ಹುಡುಕಿದರೂ ಸಿಗುತ್ತಿಲ್ಲ ಎಂದರು ಸಾಹೇಬರು. ನಾನು ಅದನ್ನು ಕಂಕುಳಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಎರಡು ಸಹಿಯನ್ನೂ ನೋಡಿ ಜಡ್ಜ್ ದರ್ಜಿಯನ್ನು ಅಂದೇ ಬಿಟ್ಟರು.

ಹಿಂದಿರುಗುವಾಗ ಜೀಪಿನಲ್ಲಿ ಸಾಹೇಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಪಶ್ಚಾತ್ತಾಪವಿರಬೇಕು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಆ ಜಡ್ಜ್ ಯಾವ ಪಕ್ಷದ ಕಡೆ ಎಂದು ವಿಚಾರಿಸಲು ಡ್ರೈವರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಅವರವನೇ ಅಂತ ಇಷ್ಟು ವರ್ಷ ಗೊತ್ತೇ ಆಗ್ಲಿಲ್ವಲ್ಲಯ್ಯಾ" ಎಂದರು.

ಓಟಿನ ಹಕ್ಕು ಬಂದಾಗಿನಿಂದ ನಾನು ಓಟು ಹಾಕಿದ್ದೆಲ್ಲ ಸಾಹೇಬರ ಪಕ್ಷಕ್ಕೇ. ಮರುದಿನ ಬೆಳಿಗ್ಗೆ ನನ್ನ ಕುರ್ಚಿ ಜಾಗದಲ್ಲಿರಲಿಲ್ಲ. ಸಾಹೇಬರು ಕಾಗದದಿಂದ ತಲೆಯೆತ್ತದೆ ಬಾಗಿಲ ಪಕ್ಕದ ಬೆಂಚಿನ ಕಡೆ ಬೆರಳು ತೋರಿಸಿದರು.